ಸಿ.ಟಿ. ಸ್ಕ್ಯಾನಿನ ನೊಬೆಲ್ ಯಾರದು: ಮನೆಯ ಗುಂಪಿನಲ್ಲಿ ಒಂದು ಚರ್ಚೆ

ದೊಡ್ಡಪ್ಪ (ಫಾರ್ವರ್ಡ್ ಆದ ಸಂದೇಶ): ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕಾದ ಸತ್ಯ! ಸಿ.ಟಿ. ಸ್ಕ್ಯಾನ್ ಕಂಡುಹಿಡಿದದ್ದು ಇಂಗ್ಲೆಂಡಿನಲ್ಲಿ ಅಲ್ಲ, ನಮ್ಮ ಬೆಂಗಳೂರಿನಲ್ಲಿ. 1971ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಪ್ರೊ. ಜಿ. ಎನ್. ರಾಮಚಂದ್ರನ್ ಅದರ ಸೂತ್ರ ಬರೆದರು. ಬಿಳಿಯರು ಅದನ್ನು ಕದ್ದು 1979ರಲ್ಲಿ ನೊಬೆಲ್ ಪಡೆದರು. ಇಂದು ಅದೇ ಸೂತ್ರವನ್ನು ಎಐಗೆ ಕೊಟ್ಟು, ಇಟಲಿಯ 2000 ವರ್ಷ ಹಳೆಯ ಸುಟ್ಟ ಗ್ರಂಥವನ್ನು ಒಂದೇ ನಿಮಿಷದಲ್ಲಿ ಓದಿದ್ದಾರೆ. ಹೆಮ್ಮೆಯಿದ್ದರೆ ಹತ್ತು ಗುಂಪುಗಳಿಗೆ ಕಳುಹಿಸಿ.

ದೊಡ್ಡಪ್ಪ: ಇದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ನಮ್ಮ ಹಿರಿಯರು ಮಾಡಿಟ್ಟದ್ದನ್ನು ಬೇರೆಯವರು ಹೊತ್ತುಕೊಂಡು ಹೋದರೂ ನಾವು ತುಟಿ ಬಿಚ್ಚುವುದಿಲ್ಲ. ಮನೆಯ ಮಕ್ಕಳಿಗೆ ಕ್ರಿಕೆಟ್ ಆಟಗಾರರ ಹೆಸರೆಲ್ಲ ಬಾಯಿಪಾಠ. ರಾಮಚಂದ್ರನ್ ಯಾರೆಂದು ಕೇಳಿದರೆ ಮುಖ ಮುಖ ನೋಡುತ್ತಾರೆ.

ಭಾವ: ಮಾವನವರೇ, ಈ ಸಂದೇಶದ ಮೂಲ ಯಾವುದು? ಬರೆದವರ ಹೆಸರಿಲ್ಲ, ಎಲ್ಲಿ ಪ್ರಕಟವಾಯಿತೆಂಬ ಸುಳಿವೂ ಇಲ್ಲ. ‘ಕದ್ದರು’ ಎಂಬುದು ಸಣ್ಣ ಆರೋಪವಲ್ಲ. ಹಿಂದೆ ಇದೇ ಗುಂಪಿನಲ್ಲಿ ಕಷಾಯ ಕುಡಿದರೆ ಮೂತ್ರಪಿಂಡದ ಕಲ್ಲು ಕರಗುತ್ತದೆಂಬ ಸಂದೇಶ ಬಂದಾಗಲೂ ನಾನು ಮೂಲ ಕೇಳಿದ್ದೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ದೊಡ್ಡಪ್ಪ: ಕಷಾಯದ ಮಾತನ್ನು ಇಲ್ಲಿಗೆ ಎಳೆದು ತರಬೇಡಿ. ನಮ್ಮವರ ಸಾಧನೆಯ ಸುದ್ದಿ ಬಂದಾಗ ಮಾತ್ರ ನಿಮಗೆ ಮೂಲ ಬೇಕಾಗುತ್ತದೆ. ಹೊರದೇಶದ ಸುದ್ದಿಯಾದರೆ ಕಣ್ಣು ಮುಚ್ಚಿ ನಂಬುತ್ತೀರಿ. ನಿಮ್ಮ ಮದುವೆಯ ಮಾತುಕತೆಯ ಕಾಲದಿಂದಲೂ ನಾನು ಇದನ್ನು ಗಮನಿಸಿದ್ದೇನೆ.

ಶಿರಸಿ ಅಣ್ಣ: ಹಳೆಯ ಗ್ರಂಥ ಎಂದೊಡನೆ ನನಗೆ ನಮ್ಮ ಹಳೆ ಮನೆಯ ಅಟ್ಟ ನೆನಪಾಯಿತು. ಅಜ್ಜ ಓಲೆಗರಿಯ ಕಟ್ಟುಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಸರಸ್ವತಿ ಪೂಜೆಯ ದಿನ ಅವುಗಳನ್ನು ಕೆಳಗಿಳಿಸಿ, ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಗರಿಗೆ ಸವರಿ ಬಟ್ಟೆಯಿಂದ ಒರೆಸಿದರೆ, ಕಂಟದಿಂದ ಕೊರೆದ ಅಕ್ಷರಗಳು ಕಪ್ಪಾಗಿ ಎದ್ದು ಕಾಣುತ್ತಿದ್ದವು. ಮನೆ ಪಾಲಾದಾಗ ಆ ಕಟ್ಟುಗಳು ಎಲ್ಲಿಗೆ ಹೋದವೆಂದು ಇಂದಿಗೂ ಯಾರೂ ನನಗೆ ಹೇಳಿಲ್ಲ.

ಅತ್ತೆ: ಪಾಲಿನ ವಿಷಯ ಗುಂಪಿನಲ್ಲಿ ಬೇಡವೆಂದು ಎಲ್ಲರೂ ಒಪ್ಪಿದ್ದೆವು. ನನಗೆ ಬೇಕಾಗಿರುವುದು ಇಷ್ಟೇ: ಈ ಸಂದೇಶದಲ್ಲಿ ನಿಜವೆಷ್ಟು, ಸುಳ್ಳೆಷ್ಟು? ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು ಗುಂಪಿನಲ್ಲೇ ಇದ್ದಾಳಲ್ಲ, ಅವಳು ಹೇಳಲಿ.

ನಾನು: ಹೇಳುತ್ತೇನೆ, ಅತ್ತೆ. ಸ್ವಲ್ಪ ಉದ್ದವಾದರೂ ಎಲ್ಲರೂ ಪೂರ್ತಿ ಓದಬೇಕೆಂದು ಕೋರುತ್ತೇನೆ, ಏಕೆಂದರೆ ಈ ಸಂದೇಶದಲ್ಲಿ ನಿಜವೂ ಸುಳ್ಳೂ ಒಂದೇ ವಾಕ್ಯದೊಳಗೆ ಹೆಣೆದುಕೊಂಡಿವೆ. ದೇಹವನ್ನು ಸುತ್ತಲಿನ ಎಲ್ಲ ಕೋನಗಳಿಂದ ಎಕ್ಸ್-ರೇ ನೆರಳು ಹಿಡಿದರೆ, ಆ ನೆರಳುಗಳಿಂದ ಒಳಗಿನ ರೂಪವನ್ನು ಮರಳಿ ಕಟ್ಟಬಹುದೆಂಬುದರ ಗಣಿತವನ್ನು 1917ರಲ್ಲೇ ಯೋಹಾನ್ ರಾಡಾನ್ ಎಂಬ ಆಸ್ಟ್ರಿಯಾದ ಗಣಿತಜ್ಞ ಸಾಧಿಸಿ ತೋರಿಸಿದ್ದ. ಆಗ ಅದರಿಂದ ಯಾರಿಗೂ ಉಪಯೋಗ ಕಾಣಲಿಲ್ಲ. ಅದನ್ನು ಅರಿಯದೆಯೇ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಅಲನ್ ಕೊರ್ಮಾಕ್ ತನ್ನದೇ ದಾರಿಯಲ್ಲಿ ಇದೇ ಸಮಸ್ಯೆಯನ್ನು ಬಿಡಿಸಿ 1963 ಮತ್ತು 1964ರಲ್ಲಿ ಪ್ರಕಟಿಸಿದ. ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಆತನ ಯಂತ್ರ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ತಲೆಯನ್ನು ಚಿತ್ರಿಸಿದ್ದು 1971ರ ಅಕ್ಟೋಬರ್ 1ರಂದು. ರಾಮಚಂದ್ರನ್ ಅವರ ಲೇಖನ ಪ್ರಕಟವಾದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಸೆಪ್ಟೆಂಬರಿನ ಲೇಖನವನ್ನು ಕದ್ದು ಅಕ್ಟೋಬರ್ ಒಂದರೊಳಗೆ ಅಂಥ ಯಂತ್ರ ಕಟ್ಟಲು ಯಾರಿಂದಲೂ ಆಗದು. ಅದಕ್ಕಿಂತ ಮುಖ್ಯವಾಗಿ, ಹೌನ್ಸ್‌ಫೀಲ್ಡನ ಮೊದಲ ಯಂತ್ರ ಲೆಕ್ಕ ಹಾಕುತ್ತಿದ್ದ ವಿಧಾನವೇ ಬೇರೆ. ಅದು ಒಂದು ಅಂದಾಜು ಚಿತ್ರದಿಂದ ಹೊರಟು, ಪ್ರತಿ ನೆರಳಿಗೂ ಹೋಲಿಸಿ, ಸ್ವಲ್ಪ ಸ್ವಲ್ಪವೇ ತಿದ್ದುತ್ತ ಹೋಗುತ್ತಿತ್ತು. 1979ರ ನೊಬೆಲ್ ಬಂದದ್ದು ಕೊರ್ಮಾಕ್ ಮತ್ತು ಹೌನ್ಸ್‌ಫೀಲ್ಡ್ ಇಬ್ಬರಿಗೆ. ಆದುದರಿಂದ ‘ಕದ್ದರು’ ಎಂಬ ಮಾತು ಸುಳ್ಳು.

ದೊಡ್ಡಪ್ಪ: ಹಾಗಾದರೆ ನಮ್ಮವರು ಏನೂ ಮಾಡಲಿಲ್ಲ ಎಂದಾಯಿತು. ನೀನೂ ನಿನ್ನ ಭಾವನ ಸಾಲಿಗೇ ಸೇರಿದೆ.

ಭಾವ: ನಾನು ಏನೂ ಮಾಡಲಿಲ್ಲ ಎಂದು ಎಲ್ಲಿಯೂ ಬರೆದಿಲ್ಲ, ಮೇಲೆ ಹೋಗಿ ನೋಡಿ.

ನಾನು: ದೊಡ್ಡಪ್ಪ, ನಾನು ಹೇಳುತ್ತಿರುವುದು ಅದಕ್ಕೆ ತದ್ವಿರುದ್ಧ. ಮಾಡದೇ ಇದ್ದದ್ದನ್ನು ಅವರ ತಲೆಗೆ ಕಟ್ಟುವ ಭರದಲ್ಲಿ ಈ ಸಂದೇಶ ಅವರು ನಿಜವಾಗಿ ಮಾಡಿದ್ದನ್ನು ಮರೆತೇಬಿಟ್ಟಿದೆ. ನನ್ನ ಸಂಕಟ ಇರುವುದು ಅಲ್ಲಿ. ಎಲ್ಲ ಕೋನಗಳ ನೆರಳುಗಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಬಳಿದು ಒಂದರ ಮೇಲೊಂದು ಕೂಡಿಸಿದರೆ ಚಿತ್ರವೇನೋ ಮೂಡುತ್ತದೆ, ಆದರೆ ಪ್ರತಿ ಚುಕ್ಕೆಯ ಸುತ್ತ ಮಂಜು ಹಬ್ಬಿರುತ್ತದೆ. ಹಿಂದಕ್ಕೆ ಬಳಿಯುವ ಮೊದಲೇ ಪ್ರತಿ ನೆರಳನ್ನೂ ಚೂಪುಗೊಳಿಸಿದರೆ ಆ ಮಂಜು ಕರಗುತ್ತದೆ. ಚೂಪುಗೊಳಿಸಲು ಅದುವರೆಗೆ ಹೆಚ್ಚಾಗಿ ಫೂರಿಯೆ ರೂಪಾಂತರದ (ನೆರಳನ್ನು ಅಲೆಗಳ ಮೊತ್ತವಾಗಿ ಒಡೆದು ಬರೆಯುವ ಲೆಕ್ಕದ) ಸುತ್ತುದಾರಿ ಹಿಡಿಯುತ್ತಿದ್ದರು. ಆ ಕಾಲದ ಕಂಪ್ಯೂಟರುಗಳಿಗೆ ಅದು ದೊಡ್ಡ ಹೊರೆ. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಇಬ್ಬರೂ ಸೇರಿ, ಆ ಸುತ್ತು ಬೇಕಿಲ್ಲ, ನೆರಳಿನ ಅಳತೆಗಳ ಮೇಲೆಯೇ ಒಂದು ಸಣ್ಣ ಗುಣಕಗಳ (ಗುಣಿಸುವ ಸಂಖ್ಯೆಗಳ) ಸಾಲನ್ನು ಜಾರಿಸುತ್ತ, ಗುಣಿಸಿ ಕೂಡುತ್ತ ಹೋದರೆ ಸಾಕು ಎಂದು ತೋರಿಸಿದರು. ಆ ಸಾಲನ್ನು ಇಲ್ಲಿಯೇ ಬರೆಯಬಹುದು. ಮಧ್ಯದ ಗುಣಕ 0.25. ಅದರ ಎರಡೂ ಪಕ್ಕದ ಮೊದಲ ಮನೆಗಳಲ್ಲಿ ಪೈ ವರ್ಗದಿಂದ ಒಂದನ್ನು ಭಾಗಿಸಿ ಬಂದದ್ದರ ಋಣ, ಅಂದರೆ ಸುಮಾರು −0.101. ಎರಡನೆಯ ಮನೆ ಸೊನ್ನೆ. ಮೂರನೆಯದು ಮೊದಲನೆಯದರ ಒಂಬತ್ತನೇ ಒಂದು ಪಾಲು, ಸುಮಾರು −0.011. ನಾಲ್ಕನೆಯದು ಮತ್ತೆ ಸೊನ್ನೆ, ಐದನೆಯದು ಇಪ್ಪತ್ತೈದನೇ ಒಂದು ಪಾಲು. ಹೀಗೆ ಸಾಲು ಎರಡೂ ಕಡೆ ಮುಂದುವರಿಯುತ್ತದೆ. ಇಂದಿಗೂ ಈ ವಿಷಯದ ಪಠ್ಯಪುಸ್ತಕಗಳು ಇದನ್ನು ರಾಮ್-ಲಾಕ್ ಫಿಲ್ಟರ್ ಎಂದೇ ಕರೆಯುತ್ತವೆ. ಬೇರೆ ಫಿಲ್ಟರುಗಳನ್ನು ಇದರ ಪಕ್ಕದಲ್ಲಿಟ್ಟು ಅಳೆಯುತ್ತವೆ.

ಅಕ್ಕನ ಮಗಳು: ಚಿಕ್ಕಮ್ಮ, ನಾನು ಆ ಸಾಲನ್ನು ಲ್ಯಾಪ್‌ಟಾಪಿನಲ್ಲಿ ಕೂಡಿ ನೋಡಿದೆ. ಎಷ್ಟು ಮನೆ ಮುಂದೆ ಹೋಗುತ್ತೇನೋ ಅಷ್ಟು ಸೊನ್ನೆಗೆ ಹತ್ತಿರವಾಗುತ್ತದೆ. ಇದು ಆಕಸ್ಮಿಕವೇ? ಜೀವವಿಜ್ಞಾನದ ತರಗತಿಯಲ್ಲಿ ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಬಾಗಬಹುದೆಂದು ತೋರಿಸುವ ರಾಮಚಂದ್ರನ್ ನಕ್ಷೆಯನ್ನು ನಾವು ಓದುತ್ತೇವೆ. ಅವರೇ ಇವರು ಎಂದು ನನಗೆ ಇಂದೇ ತಿಳಿದದ್ದು.

ನಾನು: ಅವರೇ ಇವರು. ಎರ್ನಾಕುಲಂನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಕೈಕೆಳಗೆ ಕಲಿತು, ಮದರಾಸಿನಲ್ಲಿದ್ದಾಗ ಕಾಲಜನ್ ಎಂಬ ಪ್ರೋಟೀನಿನ ಮೂರೆಳೆಯ ರಚನೆಯನ್ನೂ 1963ರಲ್ಲಿ ಆ ನಕ್ಷೆಯನ್ನೂ ಕೊಟ್ಟು, ಮತ್ತೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನದ ಘಟಕವನ್ನು ಕಟ್ಟಿದವರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಂದ ಕಣಗಳ ಮೂರು ಆಯಾಮದ ರೂಪ ಕಟ್ಟುವುದೂ ಆ ಲೇಖನದ ಉದ್ದೇಶಗಳಲ್ಲಿ ಒಂದಾಗಿತ್ತು. ಮೊತ್ತ ಸೊನ್ನೆಯಾಗುವುದು ಆಕಸ್ಮಿಕವಲ್ಲ. ಬೆಸ ಸಂಖ್ಯೆಗಳ ವರ್ಗದ ವಿಲೋಮಗಳನ್ನೆಲ್ಲ ಕೂಡಿದರೆ ಪೈ ವರ್ಗದ ಎಂಟನೇ ಒಂದು ಪಾಲು ಬರುತ್ತದೆ; ಅದನ್ನು ಪೈ ವರ್ಗದಿಂದ ಭಾಗಿಸಿ ಎರಡೂ ಪಕ್ಕಕ್ಕೆ ಲೆಕ್ಕ ಹಾಕಿದರೆ ಸರಿಯಾಗಿ 0.25 ಋಣ ಸಿಗುತ್ತದೆ, ಮಧ್ಯದ 0.25ನ್ನು ಅದು ಅಳಿಸುತ್ತದೆ. ಆದ್ದರಿಂದ ನೆರಳು ಏರಿಳಿತವಿಲ್ಲದೆ ಚಪ್ಪಟೆಯಾಗಿರುವಲ್ಲಿ ಫಲ ಸೊನ್ನೆಯ ಹತ್ತಿರ ನಿಲ್ಲುತ್ತದೆ, ಅಂಚು ಬಂದಲ್ಲಿ ಮಾತ್ರ ಏಳುತ್ತದೆ. ಮೂಳೆ ಎಲ್ಲಿ ಮುಗಿದು ಮಾಂಸ ಎಲ್ಲಿ ಮೊದಲಾಗುತ್ತದೆಂದು ವೈದ್ಯರಿಗೆ ಸ್ಪಷ್ಟವಾಗಿ ಕಾಣುವುದರ ಹಿಂದೆ ಈ ಲೆಕ್ಕವಿದೆ.

ಭಾವ: ಇದು ನನಗೆ ಒಪ್ಪಿಗೆ. ಲೇಖನ ಪ್ರಕಟವಾದದ್ದೆಲ್ಲಿ? ಈ ವಿಧಾನವನ್ನು ಅವರಿಗಿಂತ ಮೊದಲು ಯಾರೂ ಯೋಚಿಸಿರಲಿಲ್ಲವೇ?

ನಾನು: ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ 68ನೆಯ ಸಂಪುಟದಲ್ಲಿದೆ, ಕೇವಲ ಐದು ಪುಟ. ಎರಡನೆಯ ಪ್ರಶ್ನೆಗೂ ಉತ್ತರವಿದೆ: 1967ರಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ ಎಂಬಿಬ್ಬರು ಆಕಾಶದ ರೇಡಿಯೋ ನಕ್ಷೆ ತೆಗೆಯುವಾಗ ಇಂಥದೇ ದಾರಿ ಹಿಡಿದಿದ್ದರು. ಖಗೋಳದವರ ಪತ್ರಿಕೆಯನ್ನು ಜೀವಭೌತವಿಜ್ಞಾನಿಗಳು ಓದುವ ವಾಡಿಕೆ ಇರಲಿಲ್ಲ, ಇಬ್ಬರ ಬರಹವನ್ನೂ ಆಸ್ಪತ್ರೆಯ ಎಂಜಿನಿಯರುಗಳು ಓದುತ್ತಿರಲಿಲ್ಲ. ಒಂದೇ ಗಣಿತ ನಕ್ಷತ್ರಗಳಿಗೂ ಪ್ರೋಟೀನಿಗೂ ತಲೆಬುರುಡೆಗೂ ಬೇಕಾಗಿ, ಮೂರು ಮನೆಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿತು. ಇದನ್ನು ಹೇಳಿದರೆ ರಾಮಚಂದ್ರನ್ನರ ಗೌರವ ಕಡಿಮೆಯಾಗುತ್ತದೆಂದು ನಾನು ಒಪ್ಪುವುದಿಲ್ಲ.

ಅತ್ತೆ: ಒಂದು ಮಾತು ಕೇಳಲೇಬೇಕು. ಲಕ್ಷ್ಮೀನಾರಾಯಣನ್ ಎಂಬವರ ಹೆಸರು ಫಾರ್ವರ್ಡಿನಲ್ಲಿ ಏಕಿಲ್ಲ? ಅನ್ಯಾಯ ಅನ್ಯಾಯ ಎಂದು ಬರೆದವರೇ ಜೊತೆಗಾರನ ಹೆಸರನ್ನು ಕೈಬಿಟ್ಟಿದ್ದಾರೆ. ನಮ್ಮ ವಂಶವೃಕ್ಷದ ಪುಸ್ತಕದಲ್ಲಿಯೂ ಹೀಗೇ ಆಯಿತು. ಊರೂರು ಸುತ್ತಿ, ಹಳೆಯ ಜಾತಕಗಳನ್ನು ಬಿಡಿಸಿ ಹೆಸರು ಕೂಡಿಸಿದ್ದು ನಾನು. ಮುಖಪುಟದಲ್ಲಿ ಅಚ್ಚಾದದ್ದು ಅಣ್ಣನ ಹೆಸರು.

ದೊಡ್ಡಪ್ಪ: ಮುನ್ನುಡಿಯಲ್ಲಿ ನಿನ್ನ ಉಪಕಾರವನ್ನು ನೆನೆದಿದ್ದೇನೆ.

ಅತ್ತೆ: ‘ಮನೆಯ ಹೆಣ್ಣುಮಕ್ಕಳ ಸಹಕಾರ’ ಎಂದಿದೆ. ಹೆಸರಿಲ್ಲ.

ಶಿರಸಿ ಅಣ್ಣ: ಆ ಪುಸ್ತಕ ಹೊರಬಂದ ದಿನ ಹಳೆ ಮನೆಯ ಅಂಗಳದಲ್ಲಿ ಎಲ್ಲರೂ ಒಟ್ಟಿಗೆ ಉಂಡದ್ದೇ ಕೊನೆ, ಆಮೇಲೆ ಹಾಗೆ ಸೇರಲೇ ಇಲ್ಲ.

ಭಾವ: ಎರಡನೆಯ ಆರೋಪ ಇನ್ನೂ ಬಾಕಿ ಇದೆ. ಎಐ ಒಂದು ನಿಮಿಷದಲ್ಲಿ ಸುಟ್ಟ ಗ್ರಂಥ ಓದಿತು ಎನ್ನುವುದನ್ನು ನಾನು ನಂಬುವುದಿಲ್ಲ. ಇಂದಿನ ಎಐ, ಎಲ್ಲಿಯೂ ಇಲ್ಲದೇ ಇರುವ ಪುಸ್ತಕಕ್ಕೂ ಪುಟಸಂಖ್ಯೆ ಕೊಡುತ್ತದೆ. ಇಲ್ಲದ ಅಕ್ಷರಗಳನ್ನು ಅದು ಕಲ್ಪಿಸಿಲ್ಲವೆಂಬುದಕ್ಕೆ ಆಧಾರವೇನು?

ನಾನು: ಒಂದು ನಿಮಿಷ ಎಂಬುದು ಸುಳ್ಳು, ಇದರ ಹಿಂದೆ ದಶಕಗಳ ದುಡಿಮೆಯಿದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಹರ್ಕ್ಯುಲೇನಿಯಂ ಪಟ್ಟಣವನ್ನು ಹೂತಾಗ ಅಲ್ಲಿನ ಒಂದು ದೊಡ್ಡ ಮನೆಯ ಗ್ರಂಥಾಲಯ ಇದ್ದಿಲಾಯಿತು. 18ನೆಯ ಶತಮಾನದ ನಡುವಿನಲ್ಲಿ ಅದನ್ನು ಅಗೆದು ತೆಗೆದರು. ಗ್ರಂಥಗಳೆಲ್ಲ ಪಪೈರಸ್ಸಿನ (ಜೊಂಡಿನಿಂದ ಮಾಡಿದ ಹಾಳೆಯ) ಸುರುಳಿಗಳು; ಬಿಚ್ಚಲು ಹೋದ ಎಷ್ಟೋ ಸುರುಳಿಗಳು ಪುಡಿಯಾದವು. ಬಿಚ್ಚದೆ ಓದಬೇಕೆಂದು ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ತಮ್ಮ ಜೀವಮಾನದ ಬಹುಭಾಗವನ್ನು ಇದಕ್ಕೇ ತೆತ್ತರು. 2019ರಲ್ಲಿ ಆಕ್ಸ್‌ಫರ್ಡ್ ಬಳಿಯ ಡೈಮಂಡ್ ಸಿಂಕ್ರೊಟ್ರಾನಿನಲ್ಲಿ (ಬಹಳ ತೀಕ್ಷ್ಣ ಎಕ್ಸ್-ರೇ ಹೊಮ್ಮಿಸುವ ದೊಡ್ಡ ಯಂತ್ರದಲ್ಲಿ) ಸುರುಳಿಗಳ ಎಕ್ಸ್-ರೇ ನೆರಳುಗಳನ್ನು ಹಿಡಿದರು. ಚಿತ್ರದ ಒಂದೊಂದು ಬಿಂದು ಸುಮಾರು 8 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎಂಟು ಪಾಲು. ಆ ನೆರಳುಗಳಿಂದ ಘನರೂಪ ಕಟ್ಟುವ ಕೆಲಸ ನಾವು ಮೇಲೆ ಮಾತಾಡಿದ ಕುಲದ ಗಣಿತವೇ. ಅಲ್ಲಿಂದ ಮುಂದೆ ಸುಕ್ಕುಗಟ್ಟಿ, ಅಂಟಿಕೊಂಡು, ಹರಿದುಹೋದ ಒಂದೊಂದು ಪದರವನ್ನೂ ಕಂಪ್ಯೂಟರಿನೊಳಗೆ ಬೇರ್ಪಡಿಸಿ ಚಪ್ಪಟೆ ಮಾಡಬೇಕು. ಅತ್ಯಂತ ಹೆಚ್ಚು ಮನುಷ್ಯಶ್ರಮ ಬೇಡಿದ್ದು ಈ ಹಂತ, ಫಾರ್ವರ್ಡಿನಲ್ಲಿ ಇದರ ಸುಳಿವೇ ಇಲ್ಲ. ಇಷ್ಟಾದರೂ ಅಕ್ಷರ ಕಾಣಲಿಲ್ಲ. ಶಿರಸಿ ಅಣ್ಣ ಹೇಳಿದ ಓಲೆಗರಿಯಲ್ಲಿ ಕಂಟ ಕೊರೆದ ಗೀರಾದರೂ ಇರುತ್ತದೆ. ಅಲ್ಲಿ ಕೊರೆದ ಗೀರಿಲ್ಲ, ಶಾಯಿಯೂ ಇಂಗಾಲ, ಇದ್ದಿಲಾದ ಪಪೈರಸ್ಸೂ ಇಂಗಾಲ, ಎಕ್ಸ್-ರೇಗೆ ಎರಡೂ ಒಂದೇ.

ನಾನು: ಇನ್ನು ಭಾವನ ಪ್ರಶ್ನೆ. 2023ರಲ್ಲಿ ವೆಸೂವಿಯಸ್ ಚಾಲೆಂಜ್ ಎಂಬ ಸ್ಪರ್ಧೆ ಏರ್ಪಟ್ಟು ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟರು. ಕೇಸಿ ಹ್ಯಾಂಡ್ಮರ್ ಎಂಬವರು ಗಂಟೆಗಟ್ಟಲೆ ಬರಿಗಣ್ಣಿನಿಂದ ಚಪ್ಪಟೆಯಾದ ಪದರಗಳನ್ನು ನೋಡಿ, ಶಾಯಿ ಇದ್ದಲ್ಲಿ ಒಣಗಿದ ಕೆಸರಿನಂಥ ಬಿರುಕಿನ ವಿನ್ಯಾಸವಿರುವುದನ್ನು ಗುರುತಿಸಿದರು. ನೆಬ್ರಾಸ್ಕಾದ 21 ವರ್ಷದ ವಿದ್ಯಾರ್ಥಿ ಲ್ಯೂಕ್ ಫ್ಯಾರಿಟರ್ ಆ ಬಿರುಕುಗಳನ್ನು ಹುಡುಕಲು ಒಂದು ಎಐ ಮಾದರಿಗೆ ಕಲಿಸಿದರು. ಅಕ್ಟೋಬರಿನಲ್ಲಿ ‘ಪೋರ್ಫುರಾಸ್’ ಎಂಬ ಮೊದಲ ಪೂರ್ತಿ ಗ್ರೀಕ್ ಪದ ಹೊರಬಂತು, ನೇರಳೆ ಬಣ್ಣಕ್ಕೆ ಸಂಬಂಧಿಸಿದ್ದು. ಅದೇ ಜಾಗವನ್ನು ಇನ್ನೊಬ್ಬ ಸ್ಪರ್ಧಿ ಯೂಸುಫ್ ನಾದರ್ ಬೇರೆ ವಿಧಾನದಿಂದ ಸ್ವತಂತ್ರವಾಗಿ ಓದಿದಾಗಲೂ ಅದೇ ಅಕ್ಷರಗಳು ಬಂದವು. ಈ ಮಾದರಿಗಳಿಗೆ ಗ್ರೀಕ್ ಭಾಷೆ ಕಲಿಸಿರಲಿಲ್ಲ. ಅವು ಒಂದು ಸಲಕ್ಕೆ ನೋಡುತ್ತಿದ್ದದ್ದು ಪದರದ ಸಣ್ಣ ತುಣುಕನ್ನು, ಅಲ್ಲಿ ಶಾಯಿ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತಿದ್ದವು. ಪದವನ್ನು ಊಹಿಸುವ ಸಾಮಗ್ರಿಯೇ ಅವುಗಳ ಬಳಿ ಇರಲಿಲ್ಲ. ಓದಿದವರು ಮನುಷ್ಯರು, ಪಪೈರಸ್ ಓದುವುದನ್ನೇ ವೃತ್ತಿ ಮಾಡಿಕೊಂಡ ವಿದ್ವಾಂಸರು. ನಾದರ್, ಫ್ಯಾರಿಟರ್ ಮತ್ತು ಜೂಲಿಯನ್ ಶಿಲಿಗರ್ ಮೂವರೂ ಸೇರಿ 2024ರ ಫೆಬ್ರವರಿಯಲ್ಲಿ 7 ಲಕ್ಷ ಡಾಲರ್ ಬಹುಮಾನ ಪಡೆದಾಗ 15 ಅಂಕಣಗಳ 2000ಕ್ಕೂ ಹೆಚ್ಚು ಅಕ್ಷರಗಳು ತೆರೆದಿದ್ದವು.

ಭಾವ: ಸ್ವತಂತ್ರವಾದ ಎರಡು ದಾರಿಗಳಲ್ಲಿ ಒಂದೇ ಫಲ ಬಂದಿದ್ದರೆ ನನ್ನ ತಕರಾರು ಇಲ್ಲ. ನಾನು ಮೊದಲಿನಿಂದ ಕೇಳುತ್ತಿದ್ದದ್ದೂ ಇಂಥ ಆಧಾರವನ್ನೇ.

ದೊಡ್ಡಪ್ಪ: ಅದರಲ್ಲಿ ಏನು ಬರೆದಿತ್ತು ಎಂಬುದನ್ನು ಯಾರೂ ಹೇಳಲಿಲ್ಲ.

ನಾನು: ಸುಖ ಎಂದರೇನು ಎಂಬ ಚರ್ಚೆ, ದೊಡ್ಡಪ್ಪ. ಸುಖವೇ ಬಾಳಿನ ಗುರಿ ಎನ್ನುವ ಎಪಿಕ್ಯೂರಿಯನ್ ಪಂಥದ ಫಿಲೊಡೆಮಸ್ ಎಂಬ ತತ್ತ್ವಜ್ಞಾನಿಯದಿರಬೇಕೆಂದು ವಿದ್ವಾಂಸರು ಭಾವಿಸಿದ್ದಾರೆ. ಒಂದು ಪದಾರ್ಥ ಅಪರೂಪವೆಂಬ ಕಾರಣಕ್ಕೆ ಅದು ಹೇರಳವಾಗಿ ಸಿಗುವುದಕ್ಕಿಂತ ಹೆಚ್ಚು ಸುಖ ಕೊಡುತ್ತದೆಂದು ನಾವು ಕೂಡಲೇ ನಂಬುವುದಿಲ್ಲ ಎಂಬ ಅರ್ಥದ ಮಾತು ಊಟದ ವಿಷಯವಾಗಿ ಬರುತ್ತದೆ.

ದೊಡ್ಡಪ್ಪ: ಇದನ್ನು ನಮ್ಮ ಮಕ್ಕಳು ಓದಬೇಕು. ಮನೆಯ ಹಿತ್ತಲಿನ ಹಣ್ಣು ಬಿಟ್ಟು ಪೆಟ್ಟಿಗೆಯಲ್ಲಿ ಬಂದ ವಿದೇಶಿ ಹಣ್ಣಿಗೆ ದುಡ್ಡು ಸುರಿಯುತ್ತಾರೆ.

ಅಕ್ಕನ ಮಗಳು: ಉಳಿದ ಸುರುಳಿಗಳೂ ಹೀಗೆಯೇ ಬೇಗ ತೆರೆಯುತ್ತವೆಯೇ, ಚಿಕ್ಕಮ್ಮ?

ನಾನು: ಇನ್ನೂ ನೂರಾರು ಸುರುಳಿಗಳು ಮುಚ್ಚಿಯೇ ಇವೆ. ಒಂದರಲ್ಲಿ ಕಲಿತ ಮಾದರಿ ಇನ್ನೊಂದರ ಶಾಯಿಯನ್ನು ಗುರುತಿಸುತ್ತದೆಂಬ ಭರವಸೆಯಿಲ್ಲ. ಸುಟ್ಟ ಬಗೆ, ಅದುಮಿದ ಬಗೆ ಒಂದೊಂದರದು ಒಂದೊಂದು. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದ ಸುರುಳಿಯ ಶೀರ್ಷಿಕೆಯನ್ನು 2025ರ ಮೇ ತಿಂಗಳಲ್ಲಿ ಓದಿದರು. ಅದೂ ಫಿಲೊಡೆಮಸನದು, ದುರ್ಗುಣಗಳ ಕುರಿತಾದದ್ದು. ಹೆಣಗಾಟ ಇರುವುದು ಪದರ ಬಿಡಿಸುವ ಜ್ಯಾಮಿತಿಯಲ್ಲಿ. ಎರಡು ಪದರಗಳು ಒತ್ತಿ ಒಂದಾದ ಕಡೆ ಕಂಪ್ಯೂಟರ್ ದಾರಿ ತಪ್ಪಿ ಪಕ್ಕದ ಪದರಕ್ಕೆ ಜಿಗಿದುಬಿಡುತ್ತದೆ, ಆಗ ಒಂದು ಸಾಲಿನ ಅರ್ಧಕ್ಕೆ ಬೇರೆ ಸಾಲಿನ ಅರ್ಧ ಅಂಟಿಕೊಳ್ಳುತ್ತದೆ. ಅದನ್ನು ತಾನಾಗಿ ಸರಿಪಡಿಸುವ ಒಳ್ಳೆಯ ವಿಧಾನ ಬೇಕಾಗಿದೆ. ದತ್ತಾಂಶ ತೆರೆದೇ ಇದೆ, ನಿನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಣ್ಣ ತುಂಡನ್ನು ಇಳಿಸಿಕೊಂಡು ನೋಡಬಹುದು.