ಅಪ್‌ಡೇಟ್: ಅಜ್ಜನ ಟ್ರಂಕು ಅರ್ಧ ತುಂಬಿತು

ಎರಡನೇ ಮಹಾಯುದ್ಧಕ್ಕೆ ಬರ್ಮಾಕ್ಕೆ ಹೋಗಿದ್ದ ಅಜ್ಜನ ಸಾಮಾನು ನೆಂಟರ ಮನೆಗಳಲ್ಲಿ ಚೆದುರಿದೆ, ಒಟ್ಟು ಮಾಡುವುದು ಹೇಗೆ ಅಂತ ಕೇಳಿದ್ದೆ. ಮೊದಲು ಸೇನೆಯಲ್ಲಿ ಅವರಿಗೆ ಕೊಟ್ಟಿದ್ದ ನಂಬರ್ ಹುಡುಕಿ ಎಂದಿರಿ. ಅದೇ ಕೆಲಸಕ್ಕೆ ಬಂತು.

ಮುಳ್ಳೇರಿಯದ ದೊಡ್ಡತ್ತೆಯ ಕಪಾಟಿನಲ್ಲಿ ಬರ್ಮಾ ಸ್ಟಾರ್ ಸಿಕ್ಕಿತು, ಬರ್ಮಾದಲ್ಲಿ ಯುದ್ಧ ಮಾಡಿದವರಿಗೆ ಕೊಟ್ಟ ಪದಕ. ಆರು ಮೂಲೆಯ ನಕ್ಷತ್ರ, ನೀಲಿ ರಿಬ್ಬನ್, ನಡುವೆ ಅಗಲದ ಕೆಂಪು ಪಟ್ಟಿ. ಅತ್ತೆ ಹುಣಸೆಹುಳಿ ಹಾಕಿ ತಿಕ್ಕಲು ಹೊರಟಿದ್ದರು, ಸದ್ಯ ತಡೆದೆ! ಬ್ರಿಟಿಷ್ ಸೈನಿಕರ ಸ್ಟಾರ್‌ಗಳಲ್ಲಿ ಹೆಸರಿರಲಿಲ್ಲ, ಭಾರತೀಯ ಸೈನಿಕರದರಲ್ಲಿ ನಂಬರ್, ಹೆಸರು ಕೊರೆಯುತ್ತಿದ್ದರು. ಹಿಂದೆ ತಿರುಗಿಸಿ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದೆ. ನಂಬರ್ ಇತ್ತು, ಹೆಸರೂ ಇತ್ತು, ಆದರೆ ಸ್ಪೆಲ್ಲಿಂಗ್ ಬೇರೆ. ಇಷ್ಟು ದಿನ ನಾವು ಸುಮ್ನೆ ಸರಿಯಾದ ಹೆಸರು ಹಿಡಿದು ಹುಡುಕುತ್ತಿದ್ದೆವು ಅಲ್ವಾ!

ಅಜ್ಜ ಮದ್ರಾಸ್ ಸ್ಯಾಪರ್ಸ್ ಎಂಬ ಸೇನೆಯ ಎಂಜಿನಿಯರ್ ಪಡೆಯವರು. ನಮ್ಮ ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ನಂಬರ್ ಬರೆದು ಬೆಂಗಳೂರಿನಲ್ಲಿರುವ ಆ ಪಡೆಯ ದಾಖಲೆ ಕಚೇರಿಗೆ ಸ್ಪೀಡ್ ಪೋಸ್ಟ್ ಹಾಕಿದ್ದೇನೆ.

ಮೆಸ್ ಟಿನ್, ಅಂದರೆ ಸೈನಿಕರ ಊಟದ ಡಬ್ಬಿ, ಮಾವನ ಹಟ್ಟಿಯಲ್ಲಿ ಹಿಂಡಿ ಅಳೆಯುತ್ತಿತ್ತು. "ಕೊಂಡೋಗು ಮಾರಾಯ, ಬದಲಿಗೊಂದು ಪಾತ್ರೆ ತಂದುಕೊಡು" ಎಂದರು. ಕಂಬಳಿಯನ್ನು ಇಲಿ ತಿಂದಿದೆ. ನೀರಿನ ಬಾಟಲಿ ಕುಂಬಳೆಯ ಚಿಕ್ಕಪ್ಪನ ಹತ್ತಿರ ಇದೆ. ಅವರು ಕೊಡಲೊಲ್ಲರು. ಜಾಸ್ತಿ ಒತ್ತಾಯ ಮಾಡಲಿಲ್ಲ, ಫೋಟೋ ತೆಗೆದು ಬಂದೆ.