ಅಸರ್ (ಇಳಿಹೊತ್ತಿನ) ನಮಾಝ್ ಸಮಯದ ಗೊಂದಲ, ಸಹಾಯ ಬೇಕು

ಅಸ್ಸಲಾಮು ಅಲೈಕುಂ. ನಾನು ದಾವಣಗೆರೆಯವನು, ಹನಫಿ (ಇಮಾಮ್ ಅಬೂ ಹನೀಫಾರ ಪಂಥದವನು). ಎರಡು ತಿಂಗಳಿಂದ ಮಂಗಳೂರಿನ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಕೆಲಸ.

ಇಲ್ಲಿ ಹೆಚ್ಚಿನವರು ಶಾಫಿ ಎಂಬ ಇನ್ನೊಂದು ಪಂಥದವರು. ವಸ್ತುವಿನ ನೆರಳು, ನಡು ಮಧ್ಯಾಹ್ನದ ನೆರಳು ಬಿಟ್ಟು, ಅದರಷ್ಟೇ ಉದ್ದ ಆದ ಕೂಡಲೇ ಅಸರ್ ಬಾಂಗ್ (ನಮಾಝ್‌ನ ಕರೆ) ಆಗುತ್ತದೆ. ನಮ್ಮೂರಲ್ಲಿ ಎರಡು ಪಟ್ಟು ಆಗುವವರೆಗೆ ಕಾಯುತ್ತೇವೆ. ಮುಕ್ಕಾಲು ಗಂಟೆಗೂ ಜಾಸ್ತಿ ವ್ಯತ್ಯಾಸ! ನನಗೆ ಬಿಡುವು ಸಿಗುವುದು ಸಂಜೆ ನಾಲ್ಕಕ್ಕೆ, ಅದೂ ಹದಿನೈದೇ ನಿಮಿಷ. ಆಮೇಲೆ ಗಿರಾಕಿಗಳ ಗದ್ದಲ, ಸೂರ್ಯ ಹಳದಿಯಾಗುವವರೆಗೂ ಏಳಲು ಆಗುವುದಿಲ್ಲ. ಅಷ್ಟು ತಡ ಮಾಡುವುದು ಮಕ್ರೂಹ್ (ಧರ್ಮ ಮೆಚ್ಚದ್ದು) ಅಲ್ವಾ?

ಮೊಬೈಲ್ ಆ್ಯಪ್‌ನಲ್ಲಿ ಎರಡೂ ಲೆಕ್ಕ ಹಾಕಿ ನೋಡಿದೆ, ತಲೆ ಇನ್ನೂ ಕೆಟ್ಟಿತು. ಜೊತೆಗೆ ಕೆಲಸ ಮಾಡುವ ಬ್ಯಾರಿ ಕಾಕ "ಸುಮ್ನೆ ಜಮಾಅತ್‌ಗೆ (ಸಾಮೂಹಿಕ ನಮಾಝ್‌ಗೆ) ಬಾ ಮಾರಾಯ" ಅನ್ನುತ್ತಾರೆ. ಊರಲ್ಲಿ ಅಬ್ಬಾ ಬೇಡ ಅನ್ನುತ್ತಾರೆ. ಅಬೂ ಹನೀಫಾರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಒಂದು ಪಟ್ಟು ನೆರಳು ಸಾಕು ಎಂದಿದ್ದಾರೆ ಅಂತ ಓದಿದೆ.

ಆ ಮಾತಿನ ಮೇಲೆ ನಾನು ದಿನಾ ನಾಲ್ಕಕ್ಕೆ ಇಲ್ಲಿನ ಜಮಾಅತ್‌ನಲ್ಲಿ ನಾಲ್ಕು ರಕಅತ್ (ನಮಾಝ್‌ನ ಸುತ್ತು) ಫರ್ಝ್ (ಕಡ್ಡಾಯ ನಮಾಝ್) ಮುಗಿಸಬಹುದೇ? ಅಥವಾ ತಡವಾದರೂ ಒಬ್ಬನೇ ಮಾಡಬೇಕೇ? ತಿಳಿದ ಉಸ್ತಾದರು, ಇಲ್ಲಿರುವ ಹನಫಿಗಳು ದಯವಿಟ್ಟು ಹೇಳಿ.