ನೆಗೆಣ್ಣಿ ಚಾಟ್ ಮನೆತನದ ಗ್ರೂಪಿಗೆ ಹಾಕಲಾ, ಬೇಡವಾ?

ಕೇಳಿದವರು, ಹುಬ್ಬಳ್ಳಿ ವಿದ್ಯಾನಗರ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ ಮೊಣಕಾಲು ಆಪರೇಷನ್ ಆಯ್ತು. ಆಮೇಲೆ ಹಾವೇರಿಯಲ್ಲಿ ನೆಗೆಣ್ಣಿ ಮನೆಯಲ್ಲೇ ಇದ್ದಾರೆ. ಈಗ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ "ಹಿರಿ ಸೊಸೆ ಕೈ ತೊಳಕೊಂಡ್ಳು" ಅಂತ ಮಾತು. "ಅತ್ತೀನ್ನ ಹುಬ್ಬಳ್ಳಿಗೆ ಕಳಸು" ಅಂತ ನಾನು ಬರೆದದ್ದು, "ಬ್ಯಾಡ ಬಿಡ್ರಿ ಅಕ್ಕಾ, ಇಲ್ಲೇ ಇರ್ಲಿ" ಅಂತ ಅವಳು ಬರೆದದ್ದು ಎಲ್ಲಾ ಫೋನಿನಲ್ಲಿದೆ. ಸ್ಕ್ರೀನ್‌ಶಾಟ್ ಹಾಕಿದರೆ ಎಲ್ಲರ ಬಾಯಿ ಮುಚ್ಚುತ್ತದೆ. ಆದರೆ ಅದರ ಮೇಲೆ ಕೆಳಗೆ ಮೈದುನನ ಸಾಲದ ಮಾತಿದೆ, ಅವರ ಮಗ ಪಿಯುಸಿ ಫೇಲಾದ ಮಾತಿದೆ. ನಮ್ಮ ಮನೆಯವರು "ಸುಮ್ನಿರು" ಅಂತಾರೆ. ಇಂಥದ್ದು ನಿಮಗೆ ಯಾರಿಗಾದರೂ ಆಗಿದೆಯಾ? ಏನು ಮಾಡಿದ್ರಿ?

ಬೆಟಗೇರಿಯಿಂದ

ಅಕ್ಕಾರ, ಹಾಕಬೇಡಿ. ನಮ್ಮ ಓಣಿಯಲ್ಲಿ ಹೆಂಗಸರು ಸೇರಿ ಚೀಟಿ ನಡೆಸ್ತೀವಿ. ಒಬ್ಬಾಕಿ "ಈ ತಿಂಗಳು ಕೈ ಬಿಗಿ ಐತಿ, ಯಾರಿಗೂ ಹೇಳಬ್ಯಾಡ್ರಿ" ಅಂತ ಚೀಟಿ ಹಿಡಿದಾಕಿಗೆ ಮೆಸೇಜ್ ಮಾಡಿದ್ದಳು. ದುಡ್ಡು ಯಾಕೆ ತಡ ಅಂತ ಉಳಿದವರು ಜೋರು ಮಾಡಿದಾಗ ಚೀಟಿ ಹಿಡಿದಾಕಿ ಆ ಮೆಸೇಜನ್ನೇ ಗ್ರೂಪಿಗೆ ಹಾಕಿಬಿಟ್ಟಳು. ಲೆಕ್ಕದಲ್ಲಿ ಅವಳ ತಪ್ಪೇನೂ ಇರಲಿಲ್ಲ, ಅದು ಎಲ್ಲರಿಗೂ ಗೊತ್ತಾಯ್ತು. ಆದರೆ ಆಮೇಲೆ ನೋಡಬೇಕಿತ್ತು. ಅವಳಿಗೆ ಯಾರೂ ಮೆಸೇಜ್ ಮಾಡುವುದಿಲ್ಲ. ಏನಿದ್ದರೂ ಬಾಗಿಲಿಗೆ ಬಂದು, ನಿಂತಲ್ಲೇ ಹೇಳಿ ಹೋಗ್ತಾರೆ. ಚೀಟಿ ಮುಗೀತು, ಹೊಸ ಚೀಟಿಗೆ ಅವಳ ಕಡೆ ಯಾರೂ ಬರಲಿಲ್ಲ.

ನಿಮ್ಮ ಗ್ರೂಪಿನಲ್ಲಿರುವ ಅತ್ತಿಗೆ, ನಾದಿನಿ ಎಲ್ಲರೂ ನಿಮ್ಮ ಜೊತೆ ಏನಾದರೊಂದು ಗುಟ್ಟು ಹೇಳಿರ್ತಾರೆ ಅಲ್ವಾ? ಅವರೂ ನೋಡ್ತಿರ್ತಾರೆ.

ಧಾರವಾಡದಿಂದ (ವಕೀಲರ ಆಫೀಸಿನಲ್ಲಿ ಕೆಲಸ)

ಮೇಡಂ, ಕಾನೂನಿನ ಮಾತು ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಇದರಲ್ಲಿ ಜನ ಜಾಸ್ತಿ ಗೊಂದಲ ಮಾಡಿಕೊಳ್ತಾರೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಕೇಸ್ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಅದು ಮುಖ್ಯವಾಗಿ ಸರ್ಕಾರದ ಎದುರಿನ ಹಕ್ಕು. 2023ರ ಡೇಟಾ ರಕ್ಷಣೆ ಕಾಯ್ದೆಯೂ ಮನೆಯೊಳಗಿನ ಸ್ವಂತ ಬಳಕೆಗೆ ಬರುವುದಿಲ್ಲ. ಅಂದ್ರೆ ಮನೆಯ ಗ್ರೂಪಿಗೆ ಒಂದು ಚಾಟ್ ಹಾಕಿದಿರಿ ಅಂತ ನಾಳೆ ಬೆಳಗ್ಗೆ ಪೊಲೀಸರು ಬಾಗಿಲಿಗೆ ಬರುವುದಿಲ್ಲ. ಹಾಗಂತ ಬೆದರಿಕೆ, ಮಾನ ಕಳೆಯುವ ಮಾತು, ಖಾಸಗಿ ಫೋಟೋ ಇದ್ದರೆ ಕಥೆಯೇ ಬೇರೆ.

ಇನ್ನೊಂದು ಮಾತು. ಸಾಕ್ಷಿಗೆ ಇಟ್ಟುಕೊಳ್ಳುವುದು ಬೇರೆ, ಊರಿಗೆ ತೋರಿಸುವುದು ಬೇರೆ. ವಿಚ್ಛೇದನದ ಕೇಸಿನಲ್ಲಿ ಗಂಡ-ಹೆಂಡಿರ ಕಾಲ್ ರೆಕಾರ್ಡಿಂಗ್ ಸಾಕ್ಷಿಯಾಗಿ ಒಪ್ಪಬಹುದು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಸ್ಟೇಟಸ್‌ಗೆ ಹಾಕಿ ಅಂತ ಹೇಳಿಲ್ಲ. ನಿಮಗೆ ಮುಂದೆ ಆಸ್ತಿ-ಗೀಸ್ತಿ ತಂಟೆ ಬರುವ ಸೂಚನೆ ಇದ್ದರೆ ಮೂಲ ಚಾಟ್ ಅಳಿಸಬೇಡಿ, ಫೋನ್ ಬದಲಿಸಿದರೂ ಬ್ಯಾಕಪ್ ಇರಲಿ. ಕೋರ್ಟಿಗೆ ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಸಾಲದು, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರವೂ ಬೇಕಾಗುತ್ತದೆ.

ಬ್ಯಾಡಗಿಯಿಂದ

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರಾಗಬೇಡಿ. ಎಲ್ಲಾ ಮುಚ್ಚಿಟ್ಟುಕೊಂಡು ಕೂತರೆ ಸುಳ್ಳು ಹೇಳಿದವನದ್ದೇ ನಡೆಯುತ್ತದೆ. ನಮ್ಮದು ಮೆಣಸಿನಕಾಯಿ ವ್ಯಾಪಾರ. ಒಬ್ಬ ಗಿರಾಕಿ ಮಾಲು ಒಯ್ದು, ಆಮೇಲೆ "ಆ ರೇಟಿಗೆ ನಾನು ಒಪ್ಪೇ ಇಲ್ಲ" ಅಂದ. ವ್ಯಾಪಾರಿಗಳ ಗ್ರೂಪಿನಲ್ಲಿ ನಮ್ಮ ಹೆಸರು ಕೆಡಿಸೋಕೂ ಶುರು ಮಾಡಿದ. ಆಗ ಹಾಕಿದೆ. ಎಷ್ಟು ಚೀಲ, ಎಷ್ಟು ರೇಟು, ಅವನು "ಆಯ್ತು ಕಳಸ್ರಿ" ಅಂದ ಸಾಲು, ಅಷ್ಟೇ. ನಡುವೆ ಅವನ ತಾಯಿ ಆಸ್ಪತ್ರೆಯಲ್ಲಿದ್ದ ವಿಷಯ ಇತ್ತು, ಅದನ್ನು ತೆಗೆದೆ. ಎರಡು ದಿನದಲ್ಲಿ ದುಡ್ಡು ಬಂತು. ವ್ಯಾಪಾರದ ಮಾತು ಗುಟ್ಟಲ್ಲ, ನನ್ನ ಪ್ರಕಾರ.

ಆದರೆ ಅತ್ತಿ ವಿಷಯ ವ್ಯಾಪಾರ ಅಲ್ಲವಲ್ಲ, ಅದನ್ನೂ ಒಪ್ತೀನಿ. ನಿಮ್ಮಲ್ಲಿ ದೊಡ್ಡಪ್ಪ ಅಥವಾ ಹಿರಿಯರು ಯಾರಾದರೂ ಇದ್ದರೆ ಎದುರಿಗೆ ಕೂತು ಅವರೊಬ್ಬರಿಗೇ ತೋರಿಸಿ. ಫೋನ್ ನಿಮ್ಮ ಕೈಯಲ್ಲೇ ಇರಲಿ, ಫಾರ್ವರ್ಡ್ ಮಾಡಬೇಡಿ.

ಹುಬ್ಬಳ್ಳಿ, ಗೋಕುಲ ರೋಡ್

ಅಕ್ಕಾ, ಹಾಕಲೇಬೇಕು ಅಂತ ಆದರೆ ಒಂದು ವಿಷಯ ನೋಡಿಕೊಳ್ಳಿ. ನಮ್ಮ ಮೊಬೈಲ್ ಅಂಗಡಿಗೆ ಬರುವವರು ಫೋಟೋ ಎಡಿಟ್‌ನಲ್ಲಿ ಕಪ್ಪು ಹೈಲೈಟರ್ ಎಳೆದು "ಮುಚ್ಚೀನಿ" ಅಂತಾರೆ. ಆ ಬಣ್ಣ ಪೂರ್ತಿ ಗಟ್ಟಿ ಇರುವುದಿಲ್ಲ. ಬ್ರೈಟ್‌ನೆಸ್, ಎಕ್ಸ್‌ಪೋಷರ್ ಏರಿಸಿದರೆ ಕೆಳಗಿನ ಅಕ್ಷರ ಎದ್ದು ಕಾಣುತ್ತವೆ. ಮೈದುನನ ಸಾಲದ ಅಂಕಿ ಹಾಗೇ ಓದಬಹುದು. ಕ್ರಾಪ್ ಮಾಡಬೇಕು, ಇಲ್ಲ ಗಟ್ಟಿ ಬಣ್ಣದ ಚೌಕ ಇಡಬೇಕು.

"ಡಿಲೀಟ್ ಫಾರ್ ಎವ್ರಿಒನ್" ನಂಬಬೇಡಿ. ಅದು ಮೆಸೇಜ್ ಕಳಿಸಿ ಸುಮಾರು ಎರಡೂವರೆ ದಿನದವರೆಗೆ ಮಾತ್ರ ನಡೆಯುತ್ತದೆ. ಅಷ್ಟರೊಳಗೆ ಯಾರೋ ಉಳಿಸಿಕೊಂಡಿರ್ತಾರೆ. ವಾಟ್ಸಾಪ್ ಎನ್‌ಕ್ರಿಪ್ಷನ್ ಇರುವುದು ದಾರಿಯಲ್ಲಿ ಯಾರೂ ಓದಬಾರದು ಅಂತ. ಓದಬೇಕಾದವರೇ ಸ್ಕ್ರೀನ್‌ಶಾಟ್ ತೆಗೆದರೆ ಅದೇನು ಮಾಡೀತು? 2025ರಲ್ಲಿ ಬಂದ ಅಡ್ವಾನ್ಸ್ಡ್ ಚಾಟ್ ಪ್ರೈವೆಸಿ ಆನ್ ಮಾಡಿದರೆ ಚಾಟ್ ಎಕ್ಸ್‌ಪೋರ್ಟ್ ಆಗುವುದಿಲ್ಲ, ಆದರೆ ಸ್ಕ್ರೀನ್‌ಶಾಟ್‌ಗೆ ತಡೆ ಇಲ್ಲ.

ಬೆಟಗೇರಿಯಿಂದ (ಮತ್ತೆ)

ಒಂದು ಬಿಟ್ಟೆ. ನೀವು ಬರೆದದ್ದು ನಿಮ್ಮ ಮಾತು, ಅದನ್ನು ಹೇಳೋಕೆ ಯಾರ ಒಪ್ಪಿಗೆಯೂ ಬೇಡ. "ನಾ ಕರೆದಿದ್ದೆ, ಈಗಲೂ ಕರೀತೀನಿ" ಅಂತ ಗ್ರೂಪಿಗೆ ಹಾಕಿ. ಅವಳೇನು ಅಂದಳು ಅನ್ನೋದು ಅವಳೇ ಹೇಳಲಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್ ರೀ. ಬೆಟಗೇರಿ ಅಕ್ಕಾರು ಹೇಳಿದ ಹಾಗೆ ಬರೀ ನನ್ನ ಮಾತು ಹಾಕಿದೆ. ಗ್ರೂಪಿನಲ್ಲಿ ಯಾರೂ ಏನೂ ಅನ್ನಲಿಲ್ಲ. ನೆಗೆಣ್ಣಿ ಮಾತ್ರ ಫೋನ್ ಮಾಡಿ, ಸಾಲ ಕೇಳೋಕೆ ಮನೆಗೆ ಜನ ಬರ್ತಾರೆ, ಅತ್ತೆಯವರಿಗೆ ಗೊತ್ತಾಗಬಾರದು, ನೀವೇ ಕರಕೊಂಡು ಹೋಗ್ರಿ ಅಂದಳು. ಈಗ ನನ್ನದು ಬೇರೆ ಪ್ರಶ್ನೆ. ಮೊಣಕಾಲು ಆಪರೇಷನ್ ಆದವರನ್ನು ಹಾವೇರಿಯಿಂದ ಹುಬ್ಬಳ್ಳಿಗೆ ಕಾರಿನಲ್ಲಿ ತರುವುದು ಒಳ್ಳೇದಾ, ರೈಲಾ? ಕಾಲು ಚಾಚೋಕೆ ಯಾವುದು ಅನುಕೂಲ, ಕರೆತಂದವರು ಹೇಳಿ.